ನಾಟಕಶಾಲೆಯ ಬಾಗಿಲಿನ ಮುಂದೆ



ನಾಟಕದ ಚರಿತ್ರೆಯನ್ನು ಬರೆದವರು ಬಹುಮಂದಿ ಇದ್ದಾರೆ. ಅವರು ಕವಿಗಳ ವಿಚಾರವನ್ನು ಬರೆದಿದ್ದಾರೆ. ನಟರ ವಿಚಾರವನ್ನು ಬರೆದಿದ್ದಾರೆ. ಪರದೆ, ದೀಪ, ವೇಷಭೂಷಣಗಳ ವಿಚಾರವನ್ನೂ ಬಿಟ್ಟಿಲ್ಲ. ಆದರೆ ನಾಟಕವನ್ನು ನೋಡಬೇಕೆಂದು ಆಸೆಪಟ್ಟು ಬಂದು, ಒಳಗೆ ಸ್ಥಳ ದೊರೆಯುವುದೋ ಇಲ್ಲವೋ ಎಂಬ ಸಂದೇಹದಲ್ಲಿ ಬಾಗಿಲಿನ ಹೊರಗೆ ನಿಂತವರ ಚರಿತ್ರೆಯನ್ನು ಬರೆದವರು ಕಡಮೆ. ಇಂದಿನ ನನ್ನ ಮಾತು ಹಾಗೆ ಹೊರಗೆ ನಿಂತವರನ್ನು ಕುರಿತದ್ದು.

ನಾನೂ ಹಾಗೆ ನಿಂತವರಲ್ಲಿ ಒಬ್ಬ. ಕೆಲವು ವರ್ಷಗಳ ಹಿಂದೆ, ಊರೆಲ್ಲ ಹೊಗಳುತ್ತಿದ್ದ ಒಂದು ನಾಟಕಕ್ಕೆ ಮುಂಚಿತವಾಗಿ ಟಿಕೆಟ್ಟು ಕೊಳ್ಳದೆ ಇಬ್ಬರು ವಿದ್ಯಾರ್ಥಿಗಳೊಡನೆ ಹೋದೆ. ಟಿಕೆಟ್ಟಿನ ಕಿಟಕಿಯಲ್ಲಿದ್ದವರು, “ಎಲ್ಲವೂ ಮಾರಿಹೋಗಿದೆ, ಬರಬೇಕಾದವರು ಬಾರದಿದ್ದರೆ ಆ ಸ್ಥಳಗಳನ್ನು ಕೊಡುತ್ತೇವೆ, ಸಾಲಿನಲ್ಲಿ ನಿಂತಿರಿ” ಎಂದರು. ನಿಂತೆವು. ನಮ್ಮ ಮುಂದೆ ಹನ್ನೊಂದು ಮಂದಿ ಇದ್ದರು. ಮೊದಲನೆಯ ಗಂಟೆ ಬಾರಿಸಿದಾಗ ಆರು ಮಂದಿ ಒಳಗೆ ಹೋದರು. ಎರಡನೆಯ ಗಂಟೆಗೆ ನಾಲ್ವರು. ನಮಗಿಂತ ಮುಂದೆ ಉಳಿದವರು ವೃದ್ಧರೊಬ್ಬರೇ. ಅಷ್ಟರಲ್ಲಿ ಒಬ್ಬ ಗೃಹಸ್ಥರು ಕಾರಿನಿಂದಿಳಿದು, ಸಾಲಿನ ಕಡೆ ಕಣ್ಣೆತ್ತಿಯೂ ನೋಡದೆ, ನೇರವಾಗಿ ಕಿಟಕಿಗೆ ಹೋಗಿ ಏನೋ ಹೇಳಿದರು. ವೃದ್ಧರು ಮೆಲ್ಲಗೆ, “ಸ್ವಾಮಿ, ನಾವೂ ನಾಟಕಕ್ಕೇ ಬಂದವರು” ಎಂದರು. ಗೃಹಸ್ಥರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದವರಂತಿದ್ದರು. ಉಳಿದಿದ್ದ ಒಂದೇ ಟಿಕೆಟ್ಟು ಅವರ ಪಾಲಾಯಿತು. ಮೂರನೆಯ ಗಂಟೆಯಾಯಿತು, ಬಾಗಿಲು ಮುಚ್ಚಿತು. ವೃದ್ಧರು ಕೊಡೆಯನ್ನು ಕಂಕುಳಲ್ಲಿರಿಸಿಕೊಂಡು ಬಸ್ಸಿನ ನಿಲ್ದಾಣದ ಕಡೆಗೆ ನಡೆದರು. ಆ ನಾಟಕವನ್ನು ನಾನು ಇಂದಿಗೂ ನೋಡಿಲ್ಲ. ಆದರೆ ಆ ವೃದ್ಧರ ಮಾತು ಮರೆತಿಲ್ಲ.

ಒಂದು ಸಂಜೆಯ ನಾಟಕ ತಪ್ಪಿದರೆ ಪ್ರಪಂಚವೇನೂ ಮುಳುಗುವುದಿಲ್ಲ, ನಿಜ. ಆದರೆ ಸ್ಥಳ ನೂರು, ಬಯಸುವವರು ಸಾವಿರ ಎಂದಾದಾಗ ಒಳಗೆ ಹೋಗತಕ್ಕವರು ಯಾರು ಎಂಬ ಪ್ರಶ್ನೆ ಸಣ್ಣದಲ್ಲ. ತೋಳಿನ ಬಲವುಳ್ಳವರೆ? ಹಣವುಳ್ಳವರೆ? ಪರಿಚಯವುಳ್ಳವರೆ? ಮೊದಲು ಬಂದವರೆ? ಆಸ್ಪತ್ರೆಯ ಬಾಗಿಲಿನಲ್ಲಿಯೂ ಪಡಿತರದ ಅಂಗಡಿಯಲ್ಲಿಯೂ ಕಾಲೇಜಿನ ಪ್ರವೇಶದಲ್ಲಿಯೂ ಏಳುವ ಪ್ರಶ್ನೆ ಇದೇ. ಮನುಷ್ಯರು ಇದಕ್ಕೆ ಕೊಟ್ಟಿರುವ ಉತ್ತರಗಳನ್ನು ಒಂದೊಂದಾಗಿ ನೋಡಬೇಕಾದರೆ ನಾಟಕಶಾಲೆಯ ಬಾಗಿಲಿಗಿಂತ ಅನುಕೂಲವಾದ ಸ್ಥಳ ಬೇರೊಂದಿಲ್ಲ.

ಗೋಡೆಯಿಲ್ಲದ ನಾಟಕಕ್ಕೆ ಈ ತೊಡಕಿಲ್ಲ. ನಮ್ಮ ಬಯಲಾಟಗಳನ್ನು ನೆನೆಯಿರಿ. ಸುಗ್ಗಿ ಮುಗಿದ ಗದ್ದೆಯಲ್ಲಿಯೋ ದೇವಸ್ಥಾನದ ಮುಂದಿನ ಬಯಲಿನಲ್ಲಿಯೋ ಆಟ ನಡೆಯುತ್ತದೆ. ಮುಂದೆ ಬಂದವನು ಮುಂದೆ ಚಾಪೆ ಹಾಸುತ್ತಾನೆ. ಹಿಂದೆ ಬಂದವನು ಹಿಂದೆ ನಿಲ್ಲುತ್ತಾನೆ. ಇನ್ನೂ ಹಿಂದೆ ಬಂದವನು ಮರವನ್ನೇರುತ್ತಾನೆ. ಊರಿನ ಗೌರವಸ್ಥರಿಗೆ ಮುಂದಿನ ಜಾಗ ಮೀಸಲು ಎಂಬ ಏರುಪೇರು ಅಲ್ಲಿಯೂ ಇತ್ತು. ಆದರೆ ಸ್ಥಳವಿಲ್ಲವೆಂದು ಮನೆಗೆ ಮರಳಿದವನು ಮಾತ್ರ ಇಲ್ಲ. ಗೋಡೆಯೆದ್ದಾಗ ಬಾಗಿಲು ಬಂತು. ಬಾಗಿಲು ಬಂದಾಗ ಟಿಕೆಟ್ಟು ಬಂತು. ಟಿಕೆಟ್ಟಿನೊಡನೆ ಹೊರಗುಳಿದವನೂ ಬಂದನು.

ಪ್ರಾಚೀನ ಅಥೆನ್ಸಿನ ನಾಟಕಶಾಲೆ ಬೆಟ್ಟದ ಮಗ್ಗುಲಲ್ಲಿ ಆಕಾಶದ ಕೆಳಗಿದ್ದುದೇ. ಸಹಸ್ರಾರು ಮಂದಿ ಅಲ್ಲಿ ಕುಳಿತುಕೊಳ್ಳಬಹುದಾಗಿತ್ತು. ಆದರೂ ಸ್ಥಳಕ್ಕಾಗಿ ಜಗಳಗಳಾಗುತ್ತಿದ್ದುವೆಂದೂ, ಅದಕ್ಕಾಗಿಯೇ ಪ್ರವೇಶಕ್ಕೆ ಎರಡು ಒಬಲುಗಳ ಬೆಲೆಯನ್ನು ಗೊತ್ತುಮಾಡಿದರೆಂದೂ, ಆಗ ಬಡವರು ಹೊರಗುಳಿಯುವಂತಾದುದರಿಂದ ಆ ಎರಡು ಒಬಲುಗಳನ್ನು ರಾಜ್ಯದ ಬೊಕ್ಕಸದಿಂದಲೇ ಪ್ರಜೆಗಳಿಗೆ ಕೊಡುವ ಏರ್ಪಾಡಾಯಿತೆಂದೂ ಹಿಂದಿನ ಟೀಕಾಕಾರರು ಹೇಳುತ್ತಾರೆ. ಥಿಯೋರಿಕಾನ್ ಎಂಬ ಈ ನಿಧಿ ಅಥೆನ್ಸಿನ ರಾಜಕಾರಣದಲ್ಲಿ ಬಹಳ ವಿವಾದಕ್ಕೆ ಗುರಿಯಾಯಿತು. ಅದು ಹೇಗೆ ಇರಲಿ, ನಾಟಕವನ್ನು ನೋಡುವುದು ಪ್ರಜೆಯಾದವನ ಹಕ್ಕು, ಅದನ್ನು ಬಡತನ ತಡೆಯಕೂಡದು ಎಂದು ಒಂದು ನಗರ ಅಷ್ಟು ಹಿಂದೆಯೇ ಯೋಚಿಸಿದ್ದುದು ಗಮನಿಸತಕ್ಕ ಸಂಗತಿ.

ಅಲ್ಲಿಂದ ಒಂದೇ ನೆಗೆತಕ್ಕೆ ಷೇಕ್ಸ್‌ಪಿಯರನ ಲಂಡನ್ನಿಗೆ ಬರೋಣ. ೧೫೯೯ರಲ್ಲಿ ಗ್ಲೋಬ್ ನಾಟಕಶಾಲೆ ಕಟ್ಟಲ್ಪಟ್ಟಿತು. ಅದೇ ವರ್ಷ ಲಂಡನ್ನಿಗೆ ಬಂದಿದ್ದ ಥಾಮಸ್ ಪ್ಲಾಟರ್ ಎಂಬ ಸ್ವಿಟ್ಜರ್ಲೆಂಡಿನ ಪ್ರವಾಸಿ ಅಲ್ಲಿನ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಒಂದು ಪೆನ್ನಿ ಕೊಟ್ಟರೆ ಅಂಗಳದಲ್ಲಿ ನಿಂತು ನೋಡಬಹುದು. ಇನ್ನೊಂದು ಪೆನ್ನಿ ಕೊಟ್ಟರೆ ಕುಳಿತು ನೋಡಬಹುದು. ಮೂರನೆಯದನ್ನೂ ಕೊಟ್ಟರೆ ಮೆತ್ತೆಯ ಮೇಲೆ ಕುಳಿತು ನೋಡುವುದರ ಜೊತೆಗೆ ಇತರರಿಗೆ ಕಾಣಿಸಿಕೊಳ್ಳಲೂಬಹುದು. ಚೀಟಿಯಿಲ್ಲ, ಸಂಖ್ಯೆಯಿಲ್ಲ, ಬಾಗಿಲಿನಲ್ಲಿ ಕಾಸು ಹಾಕಿ ಒಳಗೆ ನುಗ್ಗುವುದಷ್ಟೆ. ಕೊನೆಯ ಗಳಿಗೆಯಲ್ಲಿ ಬಂದವನಿಗೂ ನಿಲ್ಲಲು ಗೇಣು ಜಾಗ ದೊರೆಯುತ್ತಿತ್ತು.

ಹದಿನೆಂಟನೆಯ ಶತಮಾನದ ಹೊತ್ತಿಗೆ ಸ್ಥಿತಿ ಬದಲಾಯಿಸಿತು. ಲಂಡನ್ನಿನ ಡ್ರೂರಿ ಲೇನ್, ಕಾವೆಂಟ್ ಗಾರ್ಡನ್ ನಾಟಕಶಾಲೆಗಳು ಮೇಲೆ ಚಾವಣಿಯುಳ್ಳ ಕಟ್ಟಡಗಳು. ರಂಗದ ಎದುರಿಗೆ ‘ಪಿಟ್’ ಎಂಬ ತಗ್ಗು. ಅಲ್ಲಿ ಬೆನ್ನಿಗೆ ಆಸರೆಯಿಲ್ಲದ ಉದ್ದನೆಯ ಬೆಂಚುಗಳು. ಸುತ್ತಲೂ ಸಿರಿವಂತರ ‘ಬಾಕ್ಸು’ಗಳು, ಮೇಲೆ ಬಡವರ ‘ಗ್ಯಾಲರಿ’. ಈ ಸ್ಥಳಗಳಿಗೆ ಸಂಖ್ಯೆ ಇರಲಿಲ್ಲ. ಮೊದಲು ಕುಳಿತವನದೇ ಸ್ಥಳ. ಹೀಗಿರುವಾಗ ದೊಡ್ಡಮನುಷ್ಯರು ಮಾಡಿದ ಉಪಾಯವೆಂದರೆ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ತಮ್ಮ ಆಳುಗಳನ್ನು ಕಳುಹಿಸುವುದು. ಆಳು ಒಡೆಯನ ಜಾಗದಲ್ಲಿ ಗಂಟೆಗಟ್ಟಲೆ ಕುಳಿತಿದ್ದು, ಒಡೆಯ ಊಟ ಮುಗಿಸಿ ಬಂದಾಗ ಎದ್ದು ಜಾಗ ಬಿಟ್ಟುಕೊಡುತ್ತಿದ್ದನು. ಬಸ್ಸಿನ ಕಿಟಕಿಯೊಳಗೆ ಟವಲು ಎಸೆದು ಸೀಟು ಹಿಡಿಯುವ ನಮ್ಮವರ ಜಾಣತನ ಇದರ ಮುಂದೆ ಏನೂ ಅಲ್ಲ. ಲಂಡನ್ನಿನ ಶ್ರೀಮಂತರು ಟವಲಿಗೆ ಬದಲಾಗಿ ಮನುಷ್ಯನನ್ನೇ ಹಾಸುತ್ತಿದ್ದರು. ಡ್ರೂರಿ ಲೇನಿನಲ್ಲಿ ಈ ಆಳುಗಳಿಗೆ ಮೇಲಿನ ಗ್ಯಾಲರಿಗೆ ಪುಕ್ಕಟೆ ಪ್ರವೇಶವೂ ಇತ್ತು. ೧೭೩೭ರಲ್ಲಿ ಅದನ್ನು ರದ್ದುಮಾಡಿದಾಗ ಅವರು ದಂಗೆಯೆದ್ದು ಬಾಗಿಲು ಒಡೆದು ನುಗ್ಗಿದರು.

ಆ ಕಾಲದ ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಾಟಕದ ಮೂರನೆಯ ಅಂಕ ಮುಗಿದ ಮೇಲೆ ಬಂದವರಿಗೆ ಅರ್ಧ ಬೆಲೆಗೆ ಪ್ರವೇಶ. ದಿನವೆಲ್ಲ ಅಂಗಡಿಯಲ್ಲಿಯೋ ಕಛೇರಿಯಲ್ಲಿಯೋ ದುಡಿದವನು ಸಂಜೆ ಆರಕ್ಕೆ ಬರಲಾರ. ಅವನಿಗೆ ನಾಟಕದ ಕೊನೆಯ ಭಾಗವೂ ಅದರ ಹಿಂದೆ ಬರುವ ಪ್ರಹಸನವೂ ಅರ್ಧ ಬೆಲೆಗೆ ಸಿಗುತ್ತಿದ್ದುವು. ೧೭೬೩ರ ಜನವರಿಯಲ್ಲಿ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್ ಡ್ರೂರಿ ಲೇನಿನಲ್ಲಿ ಈ ಪದ್ಧತಿಯನ್ನು ನಿಲ್ಲಿಸಲು ಹೊರಟನು. ಪ್ರೇಕ್ಷಕರು ಬೆಂಚುಗಳನ್ನು ಕಿತ್ತರು, ದೀಪದ ಗೊಂಚಲುಗಳನ್ನು ಒಡೆದರು. ಇಡೀ ಇಂಗ್ಲೆಂಡು ತಲೆಬಾಗುತ್ತಿದ್ದ ಗ್ಯಾರಿಕ್ ಕೂಡ ಸೋಲೊಪ್ಪಬೇಕಾಯಿತು. ತಡವಾಗಿ ಬಂದ ಬಡವನಿಗೂ ನಾಟಕದಲ್ಲಿ ಪಾಲು ಉಂಟು ಎಂಬ ಭಾವನೆ ಅಷ್ಟು ಬಲವಾಗಿತ್ತು.

ಫ್ರಾನ್ಸಿನಲ್ಲಿ ೧೭೮೪ನೆಯ ಏಪ್ರಿಲ್ ೨೭ರಂದು ಬೋಮಾರ್ಶೆಯ ‘ಫಿಗಾರೋನ ಮದುವೆ’ ಎಂಬ ನಾಟಕದ ಮೊದಲ ಸಾರ್ವಜನಿಕ ಪ್ರದರ್ಶನವಾಯಿತು. ಸೇವಕನೊಬ್ಬನು ತನ್ನ ಒಡೆಯನನ್ನು ಸೋಲಿಸುವ ಈ ನಾಟಕವನ್ನು ದೊರೆ ಹದಿನಾರನೆಯ ಲೂಯಿ ಬಹುಕಾಲ ತಡೆದಿದ್ದನು. ತಡೆದಷ್ಟೂ ಕುತೂಹಲ ಬೆಳೆಯಿತು. ಅಂದು ಬೆಳಗ್ಗೆಯಿಂದಲೇ ಜನ ಬಾಗಿಲಿನ ಮುಂದೆ ಸೇರಿದರು. ಕೆಲವು ಕುಲೀನ ಸ್ತ್ರೀಯರು ನಟಿಯರ ಕೋಣೆಗಳಲ್ಲಿ ಬೆಳಗಿನಿಂದ ಅಡಗಿದ್ದು ಅಲ್ಲಿಯೇ ಊಟಮಾಡಿ ಸ್ಥಳ ಹಿಡಿದರು. ಸಂಜೆ ಕಾವಲುಗಾರರು ಚದರಿಹೋದರು, ಬಾಗಿಲುಗಳು ಮುರಿದುವು. ನೂಕಿನಲ್ಲಿ ಮೂವರು ಉಸಿರುಗಟ್ಟಿ ಸತ್ತರೆಂದು ಆ ಕಾಲದವರು ಬರೆದಿದ್ದಾರೆ.

ಹತ್ತು ವರ್ಷಗಳ ತರುವಾಯ ಲಂಡನ್ನಿನಲ್ಲಿ ನಡೆದುದು ಇದಕ್ಕಿಂತ ಘೋರ. ೧೭೯೪ನೆಯ ಫೆಬ್ರವರಿ ೩ರಂದು ಹೇಮಾರ್ಕೆಟ್ ಬೀದಿಯ ಚಿಕ್ಕ ನಾಟಕಶಾಲೆಗೆ ದೊರೆ ಮೂರನೆಯ ಜಾರ್ಜನೂ ರಾಣಿಯೂ ಬರುವರೆಂದು ಪ್ರಕಟವಾಗಿತ್ತು. ನಾಟಕವನ್ನೂ ದೊರೆಯನ್ನೂ ಒಂದೇ ಟಿಕೆಟ್ಟಿನಲ್ಲಿ ನೋಡುವ ಅವಕಾಶವನ್ನು ಯಾರು ತಾನೆ ಬಿಟ್ಟಾರು? ಬಾಗಿಲು ತೆರೆಯುವುದಕ್ಕೆ ಬಹಳ ಮುಂಚೆಯೇ ಜನ ಕಿಕ್ಕಿರಿದಿದ್ದರು. ಆ ನಾಟಕಶಾಲೆಯ ಪಿಟ್ಟು ಬಾಗಿಲಿನ ಹೊಸ್ತಿಲಿಗಿಂತ ತಗ್ಗಿನಲ್ಲಿತ್ತು. ಹೊಸ್ತಿಲು ದಾಟಿದವನು ಮೆಟ್ಟಿಲುಗಳನ್ನಿಳಿದು ಹೋಗಬೇಕು. ಬಾಗಿಲು ತೆರೆದೊಡನೆ ಹಿಂದಿನವರು ನೂಕಿದರು. ಮೆಟ್ಟಿಲಿನ ಮೇಲೆ ಮುಂದಿದ್ದವರಲ್ಲೊಬ್ಬನು ಎಡವಿ ಬಿದ್ದನು. ಅವನ ಮೇಲೆ ಇನ್ನೊಬ್ಬನು, ಅವನ ಮೇಲೆ ಮತ್ತೊಬ್ಬನು. ಹಿಂದಿದ್ದವರಿಗೆ ಮುಂದೆ ಏನಾಗುತ್ತಿದೆಯೆಂದು ಕಾಣದು. ಕೂಗು ಕೇಳಿಸಿದರೂ ಅದು ಉತ್ಸಾಹದ ಗದ್ದಲವೆಂದು ಭಾವಿಸಿರಬೇಕು. ಅವರು ನೂಕುತ್ತಲೇ ಇದ್ದರು; ಬಿದ್ದವರನ್ನು ತುಳಿದುಕೊಂಡೇ ಒಳಗೆ ಹೋದರು.

ಹದಿನೈದು ಮಂದಿ ಸತ್ತರು. ಗಾಯಗೊಂಡವರು ಅದಕ್ಕಿಂತಲೂ ಹೆಚ್ಚು. ಸತ್ತವರು ಪೋಕರಿಗಳಲ್ಲ. ವಂಶಾವಳಿಗಳನ್ನೂ ಬಿರುದಾವಳಿಗಳನ್ನೂ ಪರಿಶೋಧಿಸುವ ರಾಜೋದ್ಯೋಗಿಗಳಾದ ಜಾನ್ ಚಾರ್ಲ್ಸ್ ಬ್ರೂಕ್, ಬೆಂಜಮಿನ್ ಪಿಂಗೋ ಎಂಬ ಇಬ್ಬರು ವಿದ್ವಾಂಸರೂ ಅವರಲ್ಲಿದ್ದರು. ಯಾರು ಯಾರಿಗಿಂತ ಮುಂದೆ ನಡೆಯತಕ್ಕದ್ದು ಎಂಬ ರಾಜಮರ್ಯಾದೆಯ ಶಾಸ್ತ್ರದಲ್ಲಿ ನುರಿತವರು, ಯಾರೂ ಯಾರ ಹಿಂದೆಯೂ ನಿಲ್ಲಲೊಪ್ಪದ ಗುಂಪಿನಲ್ಲಿ ಸಿಕ್ಕಿ ಸತ್ತದ್ದು ವಿಧಿಯ ಕ್ರೂರವಾದ ವಿನೋದ. ಒಳಗೆ ನಾಟಕ ನಡೆಯಿತು. ದೊರೆಗೆ ವಿಷಯವನ್ನು ತಿಳಿಸಿದ್ದು ನಾಟಕ ಮುಗಿದ ಮೇಲೆ.

ಶ್ರೋತೃಗಳು ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ಆ ಹದಿನೈದು ಮಂದಿಯನ್ನು ಕೊಂದವರು ಯಾರು? ಯಾವ ದುಷ್ಟನೂ ಅಲ್ಲ. ನೂಕಿದವರೆಲ್ಲರೂ ನಮ್ಮ ನಿಮ್ಮಂಥ ಗೃಹಸ್ಥರು. ಹಣ ಕೊಡಲು ಸಿದ್ಧರಾಗಿ, ಶುಭ್ರವಾದ ಉಡುಪು ತೊಟ್ಟು, ಸಂತೋಷಪಡಬೇಕೆಂದು ಬಂದವರು. ಅವರಲ್ಲಿ ಇಲ್ಲದಿದ್ದುದು ಒಂದೇ: ನಾನು ನೂಕದಿದ್ದರೂ ನನ್ನ ಸರದಿ ಬರುತ್ತದೆ ಎಂಬ ನಂಬಿಕೆ. ಆ ನಂಬಿಕೆಯಿಲ್ಲದ ಕಡೆ ಸಾಧುವಾದವನೂ ನೂಕಲೇಬೇಕಾಗುತ್ತದೆ. ಏಕೆಂದರೆ ನೂಕದವನು ಹೊರಗುಳಿಯುತ್ತಾನೆ.

ಇಷ್ಟಾದರೂ ಲಂಡನ್ನು ಬೇಗ ಪಾಠ ಕಲಿಯಲಿಲ್ಲ. ೧೮೦೪ನೆಯ ಡಿಸೆಂಬರ್ ೧ರಂದು ವಿಲಿಯಂ ಬೆಟ್ಟಿ ಎಂಬ ಹದಿಮೂರು ವರ್ಷದ ಬಾಲನಟನು ಕಾವೆಂಟ್ ಗಾರ್ಡನ್ನಿನಲ್ಲಿ ಮೊದಲ ಬಾರಿ ಕಾಣಿಸಿಕೊಂಡಾಗ ಜನರನ್ನು ಹತೋಟಿಯಲ್ಲಿಡಲು ಸೈನಿಕರನ್ನು ಕರೆಸಬೇಕಾಯಿತು. ಪಿಟ್ಟಿನಲ್ಲಿ ಸ್ಥಳ ಸಿಗದವರು ಬಾಕ್ಸಿನ ಟಿಕೆಟ್ಟು ಕೊಂಡು ಅಲ್ಲಿಂದ ಪಿಟ್ಟಿನವರ ತಲೆಯ ಮೇಲೆ ಧುಮುಕಿದರು.

ಇನ್ನು ಹಣದ ಉತ್ತರ. ೧೮೦೮ರಲ್ಲಿ ಕಾವೆಂಟ್ ಗಾರ್ಡನ್ ನಾಟಕಶಾಲೆ ಸುಟ್ಟುಹೋಯಿತು. ಮರುವರ್ಷ ಹೊಸ ಕಟ್ಟಡ ಕಟ್ಟಿ, ಖರ್ಚು ತುಂಬಿಕೊಳ್ಳಲು ವ್ಯವಸ್ಥಾಪಕ ಜಾನ್ ಫಿಲಿಪ್ ಕೆಂಬಲ್ ಪಿಟ್ಟಿನ ಬೆಲೆಯನ್ನು ಮೂರೂವರೆ ಷಿಲಿಂಗಿನಿಂದ ನಾಲ್ಕು ಷಿಲಿಂಗಿಗೂ, ಬಾಕ್ಸಿನ ಬೆಲೆಯನ್ನು ಆರರಿಂದ ಏಳಕ್ಕೂ ಏರಿಸಿದನು. ಮೇಲಿನ ಒಂದು ಅಂತಸ್ತನ್ನು ಸಿರಿವಂತರ ಖಾಸಗಿ ಬಾಕ್ಸುಗಳಿಗಾಗಿ ಬಿಟ್ಟುಕೊಟ್ಟನು. ೧೮೦೯ನೆಯ ಸೆಪ್ಟೆಂಬರ್ ೧೮ರಂದು ‘ಮ್ಯಾಕ್‌ಬೆತ್’ ನಾಟಕದೊಡನೆ ಬಾಗಿಲು ತೆರೆಯಿತು. ಒಂದು ಮಾತೂ ಕೇಳಿಸಲಿಲ್ಲ. ಪ್ರೇಕ್ಷಕರು ರಂಗಕ್ಕೆ ಬೆನ್ನು ತಿರುಗಿಸಿ ‘ಹಳೆಯ ಬೆಲೆ’ ಎಂದು ಕೂಗಿದರು, ಗಿಲಕಿ ಆಡಿಸಿದರು, ಬೆಂಚುಗಳ ಮೇಲೆ ಕುಣಿದರು. ಕೆಂಬಲ್ ಕುಸ್ತಿಯ ಜಟ್ಟಿಗಳಂಥ ಮುಷ್ಟಿಕಾಳಗದವರನ್ನು ತಂದು ಪಿಟ್ಟಿನಲ್ಲಿ ನಿಲ್ಲಿಸಿದನು; ಗಲಭೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಅರವತ್ತಕ್ಕೂ ಹೆಚ್ಚು ರಾತ್ರಿ ಹೀಗೆ ನಡೆದು, ಡಿಸೆಂಬರಿನಲ್ಲಿ ಕೆಂಬಲ್ ಕ್ಷಮೆ ಕೇಳಿ ಪಿಟ್ಟಿಗೆ ಹಳೆಯ ಬೆಲೆಯನ್ನೇ ಮತ್ತೆ ಗೊತ್ತುಮಾಡಿದನು. ಅರ್ಧ ಷಿಲಿಂಗಿಗಾಗಿ ಇಷ್ಟು ಗಲಭೆಯೇ ಎಂದು ನಗಬಹುದು. ಆದರೆ ಜಗಳ ಅರ್ಧ ಷಿಲಿಂಗಿನದಲ್ಲ. ನಾಟಕಶಾಲೆ ಯಾರದು ಎಂಬುದು.

ಹಾಗಾದರೆ ಸಾಲು ಎಲ್ಲಿಂದ ಬಂತು? ಇಂದು ನಾವು ಮನೆಮಾತಿನಂತೆ ಆಡುವ ‘ಕ್ಯೂ’ ಎಂಬ ಪದ ಫ್ರೆಂಚರದು. ಅದರ ಅರ್ಥ ಬಾಲ. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಪ್ಯಾರಿಸಿನ ಬಡವರು ರೊಟ್ಟಿಯಂಗಡಿಗಳ ಮುಂದೆ ಒಬ್ಬರ ಹಿಂದೊಬ್ಬರು ಬಾಲದಂತೆ ನಿಲ್ಲುತ್ತಿದ್ದರು. ೧೮೩೭ರಲ್ಲಿ ಪ್ರಕಟವಾದ ತನ್ನ ಕ್ರಾಂತಿಯ ಚರಿತ್ರೆಯಲ್ಲಿ ಥಾಮಸ್ ಕಾರ್ಲೈಲ್ ಇದನ್ನು ವರ್ಣಿಸಿ, ಹೀಗೆ ತಾವಾಗಿಯೇ ಸಾಲಾಗುವುದು ಪ್ಯಾರಿಸಿನವರ ವಿಶೇಷ ಗುಣವೆಂದು ಹೇಳಿದನು. ಇಂದು ಸಾಲು ನಿಲ್ಲುವುದೆಂದರೆ ಇಂಗ್ಲಿಷರ ಹುಟ್ಟುಗುಣವೆಂದು ಲೋಕವೆಲ್ಲ ನಂಬಿದೆ. ಆದರೆ ನೂರೆಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಬ್ರಿಟಿಷ್ ಗ್ರಂಥಕರ್ತನು ಅದನ್ನು ಪರದೇಶದವರ ಒಂದು ವಿಚಿತ್ರವೆಂಬಂತೆ ತನ್ನ ಜನರಿಗೆ ವಿವರಿಸಬೇಕಾಗಿತ್ತು! ಜನಾಂಗದ ಗುಣ ಎನ್ನುವುವು ಎಷ್ಟೋ ವೇಳೆ ಅಭ್ಯಾಸಗಳು, ಕಲಿತರೆ ಬರುತ್ತವೆ.

ಇಂಗ್ಲಿಷ್ ಪ್ರೇಕ್ಷಕರಿಗೆ ಇದನ್ನು ಕಲಿಸಿದವರಲ್ಲಿ ರಿಚರ್ಡ್ ಡಾಯ್ಲಿ ಕಾರ್ಟ್ ಮುಖ್ಯನಾದವನು. ಗಿಲ್ಬರ್ಟ್ ಮತ್ತು ಸಲ್ಲಿವನ್ ಎಂಬ ಜೋಡಿಯ ಸಂಗೀತ ನಾಟಕಗಳಿಗಾಗಿ ಅವನು ೧೮೮೧ನೆಯ ಅಕ್ಟೋಬರಿನಲ್ಲಿ ಲಂಡನ್ನಿನ ಸವಾಯ್ ನಾಟಕಶಾಲೆಯನ್ನು ತೆರೆದನು. ಸಂಪೂರ್ಣವಾಗಿ ವಿದ್ಯುದ್ದೀಪಗಳಿಂದ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡಗಳಲ್ಲಿ ಅದು ಹೆಸರಾದುದು. ಕಾರ್ಟ್ ಬಹು ಸೂಕ್ಷ್ಮವಾದ ವ್ಯವಹಾರಜ್ಞ. ಕಾರ್ಯಕ್ರಮದ ಪತ್ರಿಕೆಯನ್ನು ಪುಕ್ಕಟೆಯಾಗಿ ಕೊಟ್ಟನು. ಸೇವಕರು ಪ್ರೇಕ್ಷಕರಿಂದ ಇನಾಮು ಪಡೆಯಕೂಡದೆಂದು ಕಟ್ಟುಮಾಡಿದನು. ೧೮೮೨ರ ಕೊನೆಯಲ್ಲಿ ಪಿಟ್ಟು ಮತ್ತು ಗ್ಯಾಲರಿಗಳ ಬಾಗಿಲಿನ ಮುಂದೆ, ಅಮೆರಿಕದಲ್ಲಿ ರೂಢಿಯಲ್ಲಿದ್ದಂತೆ, ಬಂದವರು ಬಂದ ಕ್ರಮದಲ್ಲಿಯೇ ಸಾಲಾಗಿ ನಿಲ್ಲತಕ್ಕದ್ದೆಂಬ ಪದ್ಧತಿಯನ್ನು ತಂದನು. ಇಂಗ್ಲಿಷ್ ಜನ ಇದಕ್ಕೆ ಒಪ್ಪಲಾರರೆಂದು ಸಂಶಯಪಟ್ಟವರಿದ್ದರು. ಜನ ಒಪ್ಪಿದರು. ಒಪ್ಪದೆ ಏನು? ದುರ್ಬಲರಿಗೂ ಹೆಂಗಸರಿಗೂ ವಯಸ್ಸಾದವರಿಗೂ ಪಕ್ಕೆಲುಬು ಮುರಿಯದೆ ನಾಟಕ ನೋಡುವ ದಾರಿ ಅದೊಂದೇ.

ಇದಕ್ಕೆ ಸುಮಾರು ಮೂರು ವರ್ಷ ಮುಂಚೆ, ೧೮೮೦ನೆಯ ಜನವರಿ ೩೧ರಂದು, ಅದೇ ಹೇಮಾರ್ಕೆಟ್ ನಾಟಕಶಾಲೆಯಲ್ಲಿ ಬೇರೊಂದು ಉತ್ತರ ಹೊರಟಿತ್ತು. ಹಳೆಯ ಕಟ್ಟಡ ಹೋಗಿ ಪಕ್ಕದಲ್ಲಿ ಹೊಸದು ಬಂದು ಆಗಲೇ ಬಹುಕಾಲವಾಗಿತ್ತು. ಅದನ್ನು ವಹಿಸಿಕೊಂಡ ಸ್ಕ್ವೈರ್ ಬ್ಯಾಂಕ್ರಾಫ್ಟ್ ಪಿಟ್ಟನ್ನೇ ತೆಗೆದುಹಾಕಿ, ಆ ಸ್ಥಳದಲ್ಲಿ ಹೆಚ್ಚು ಬೆಲೆಯ ಮೀಸಲು ಕುರ್ಚಿಗಳನ್ನು ಹಾಕಿಸಿದನು. ಮೊದಲ ರಾತ್ರಿ “ಪಿಟ್ಟು ಎಲ್ಲಿ?” ಎಂಬ ಕೂಗಿನಿಂದ ಬಹಳ ಹೊತ್ತು ನಾಟಕವೇ ಆರಂಭವಾಗಲಿಲ್ಲ. ಈ ಸಲ ಜನ ಗೆಲ್ಲಲಿಲ್ಲ. ಪಿಟ್ಟಿನವರು ಮೇಲಿನ ಅಂತಸ್ತಿಗೆ ಹೋದರು. ಕ್ರಮವಾಗಿ ಇತರ ನಾಟಕಶಾಲೆಗಳೂ ಇದೇ ದಾರಿ ಹಿಡಿದುವು. ಒಂದು ಕಡೆ ಕಾರ್ಟನ ಸಾಲು, ಇನ್ನೊಂದು ಕಡೆ ಬ್ಯಾಂಕ್ರಾಫ್ಟನ ಕುರ್ಚಿ: ತಾಳ್ಮೆಯುಳ್ಳವನಿಗೆ ಸ್ಥಳ ಎನ್ನುವುದೊಂದು, ಹಣವುಳ್ಳವನಿಗೆ ಸ್ಥಳ ಎನ್ನುವುದೊಂದು. ಅಂದಿನಿಂದ ಇಂದಿನವರೆಗೆ ಈ ಎರಡಕ್ಕೂ ಹೆಣಗಾಟ ನಡೆದೇ ಇದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ನಾಟಕದ ಸಾಲು ತಾನೇ ಒಂದು ಸಂಸಾರವಾಯಿತು. ಮಡಿಸುವ ಪುಟ್ಟ ಪೀಠಗಳನ್ನು ಬಾಡಿಗೆಗೆ ಕೊಡುವವರು ಬಂದರು. ಬೆಳಗ್ಗೆ ಕೆಲವು ಪೆನ್ನಿಗಳನ್ನು ತೆತ್ತು ಪೀಠಕ್ಕೆ ತನ್ನ ಹೆಸರಿನ ಚೀಟಿ ಅಂಟಿಸಿ ಕೆಲಸಕ್ಕೆ ಹೋದರೆ, ಸಂಜೆ ಬಾಗಿಲು ತೆರೆಯುವ ಮೊದಲು ಬಂದು ತನ್ನ ಪೀಠದಲ್ಲಿ ಕುಳಿತುಕೊಳ್ಳಬಹುದು. ಕಾಯುವವರ ಮುಂದೆ ಬೀದಿಯ ಹಾಡುಗಾರರು ಹಾಡಿ ಟೋಪಿಯೊಡ್ಡುತ್ತಿದ್ದರು. ಗಂಟೆಗಟ್ಟಲೆ ಜೊತೆಯಲ್ಲಿ ನಿಂತವರು ಪರಸ್ಪರ ಪರಿಚಿತರಾಗಿ, ಹಿಂದಿನ ನಟರನ್ನೂ ಇಂದಿನವರನ್ನೂ ತೂಗಿ ನೋಡುತ್ತಿದ್ದರು. ಮುಂದಿನ ಕುರ್ಚಿಗಳಲ್ಲಿ ಕೊನೆಯ ಗಳಿಗೆಗೆ ಬಂದು ಕುಳಿತವರಿಗಿಂತ ಈ ಸಾಲಿನವರೇ ನಾಟಕದ ನಿಜವಾದ ಪರೀಕ್ಷಕರೆಂದು ನಟರು ಅಂಜುತ್ತಿದ್ದುದುಂಟು.

ಸಾಲಿನ ಕಥೆಯ ಮುಂದಿನ ಅಧ್ಯಾಯಗಳು ಅಮೆರಿಕದ ನ್ಯೂಯಾರ್ಕಿನಲ್ಲಿ ನಡೆದುವು. ಜೋಸೆಫ್ ಪ್ಯಾಪ್ ಎಂಬಾತನು ಅಲ್ಲಿನ ಸೆಂಟ್ರಲ್ ಪಾರ್ಕಿನಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಯಾರಿಂದಲೂ ಬಿಡಿಗಾಸು ಪಡೆಯದೆ ಆಡಿಸುತ್ತಿದ್ದನು. ೧೯೫೯ರಲ್ಲಿ ನಗರದ ಉದ್ಯಾನಗಳ ಅಧಿಕಾರಿ ರಾಬರ್ಟ್ ಮೋಸೆಸ್, ಜನರ ತುಳಿತದಿಂದ ಹುಲ್ಲು ಹಾಳಾಗುತ್ತದೆ, ಅದರ ಖರ್ಚಿಗೆ ಟಿಕೆಟ್ಟು ಮಾರಲೇಬೇಕೆಂದು ಹಟ ಹಿಡಿದನು. ಪ್ಯಾಪ್ ನ್ಯಾಯಸ್ಥಾನಕ್ಕೆ ಹೋಗಿ ಗೆದ್ದನು. ೧೯೬೨ರಲ್ಲಿ ಅಲ್ಲಿಯೇ ಡೆಲಕೋರ್ಟ್ ಎಂಬ ಬಯಲು ನಾಟಕಶಾಲೆ ತೆರೆಯಿತು. ಬೆಲೆಯಿಲ್ಲದ ಟಿಕೆಟ್ಟಿಗೆ ಜನ ಬೆಳಗಿನ ಜಾವದಿಂದ ಸಾಲು ನಿಂತರು. ಅಲ್ಲಿ ಸಾಲೇ ಬೆಲೆ. ೧೯೭೩ನೆಯ ಜೂನ್ ೨೫ರಂದು ಟೈಮ್ಸ್ ಚೌಕದ ಬಳಿ ಇನ್ನೊಂದು ಏರ್ಪಾಡು ಹುಟ್ಟಿತು: ಅಂದಿನ ನಾಟಕಗಳಲ್ಲಿ ಮಾರದೆ ಉಳಿದ ಟಿಕೆಟ್ಟುಗಳನ್ನು ಅಂದೇ ಅರ್ಧ ಬೆಲೆಗೆ ಮಾರುವ ಗೂಡಂಗಡಿ. ಖಾಲಿ ಕುರ್ಚಿಯಿಂದ ಯಾರಿಗೂ ಲಾಭವಿಲ್ಲವಷ್ಟೆ. ೧೯೮೦ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿಯೂ ಇಂಥದೇ ಅಂಗಡಿ ಬಂತು. ಗ್ಯಾರಿಕ್ ಕಿತ್ತೊಗೆಯಲು ನೋಡಿದ ಅರ್ಧ ಬೆಲೆ ಎರಡು ಶತಮಾನಗಳ ಮೇಲೆ ಹೊಸ ವೇಷದಲ್ಲಿ ಮರಳಿತು.

೧೯೯೬ನೆಯ ಏಪ್ರಿಲ್ ೨೯ರಂದು ‘ರೆಂಟ್’ ಎಂಬ ಸಂಗೀತ ನಾಟಕ ಬ್ರಾಡ್‌ವೇ ನಾಟಕಶಾಲೆಗೆ ಬಂದಿತು. ಮನೆಯ ಬಾಡಿಗೆ ಕೊಡಲಾರದ ಬಡ ಕಲಾವಿದರ ಕಥೆ ಅದು. ಅದನ್ನು ರಚಿಸಿದ ಜೊನಾಥನ್ ಲಾರ್ಸನ್ ಅದೇ ವರ್ಷದ ಜನವರಿಯಲ್ಲಿ, ತನ್ನ ಕೃತಿಯ ಕೀರ್ತಿಯನ್ನು ಕಾಣದೆ, ಮೂವತ್ತೈದು ವರ್ಷಕ್ಕೇ ತೀರಿಕೊಂಡಿದ್ದನು. ಬಡವರ ಕಥೆಯನ್ನು ಸಿರಿವಂತರು ಮಾತ್ರ ನೋಡಿದರೆ ಚೆನ್ನೇ? ಆದ್ದರಿಂದ ವ್ಯವಸ್ಥಾಪಕರು ಮುಂದಿನ ಎರಡು ಸಾಲುಗಳ ಸ್ಥಳಗಳನ್ನು ಅಂದಂದೇ ಇಪ್ಪತ್ತು ಡಾಲರಿಗೆ, ಮೊದಲು ಬಂದವರಿಗೆ, ಕೊಡತೊಡಗಿದರು. ಹುಡುಗರೂ ಹುಡುಗಿಯರೂ ರಾತ್ರಿಯೆಲ್ಲ ಬೀದಿಯಲ್ಲಿ ಕಂಬಳಿ ಹೊದ್ದು ಮಲಗಿದರು. ಅವರ ಕ್ಷೇಮಕ್ಕೆ ಅಂಜಿ, ಮರುವರ್ಷ ಸಾಲನ್ನು ನಿಲ್ಲಿಸಿ ಚೀಟಿಯೆತ್ತುವ ಪದ್ಧತಿಯನ್ನು ತಂದರು. ತಾಳ್ಮೆಯ ಸ್ಥಳದಲ್ಲಿ ಅದೃಷ್ಟ ಬಂದು ಕುಳಿತಿತು.

ಅದೃಷ್ಟದ ಈ ಪದ್ಧತಿ ತುತ್ತತುದಿಗೆ ಮುಟ್ಟಿದ್ದು ‘ಹ್ಯಾಮಿಲ್ಟನ್’ ನಾಟಕದಲ್ಲಿ. ೨೦೧೫ರಲ್ಲಿ ಬ್ರಾಡ್‌ವೇಗೆ ಬಂದ ಈ ನಾಟಕದ ನಾಯಕ ಅಮೆರಿಕದ ಮೊದಲ ಹಣಕಾಸಿನ ಮಂತ್ರಿ. ಅವನ ಚಿತ್ರ ಅಲ್ಲಿನ ಹತ್ತು ಡಾಲರಿನ ನೋಟಿನ ಮೇಲಿದೆ. ಆದ್ದರಿಂದ ಮುಂದಿನ ಸಾಲಿನ ೨೧ ಸ್ಥಳಗಳನ್ನು ಚೀಟಿಯೆತ್ತಿ ಹತ್ತೇ ಡಾಲರಿಗೆ ಕೊಟ್ಟರು. ಕಾದಿರುವವರು ಬರಿಗೈಯಲ್ಲಿ ಹೋಗಬಾರದೆಂದು ನಟರು ಹೊರಗೆ ಬಂದು ಬೀದಿಯಲ್ಲಿಯೇ ಕೆಲವು ನಿಮಿಷ ಹಾಡಿ ಆಡಿ ಹೋಗುತ್ತಿದ್ದರು. ಜನದಟ್ಟಣೆಯಿಂದ ಬೀದಿಯೇ ಮುಚ್ಚಿಹೋದಾಗ, ೨೦೧೬ನೆಯ ಜನವರಿಯಲ್ಲಿ ಈ ಚೀಟಿಯನ್ನು ಇಂಟರ್ನೆಟ್ಟಿನಲ್ಲಿ ಎತ್ತಲು ತೊಡಗಿದರು. ಮೊದಲ ದಿನವೇ ಐವತ್ತು ಸಾವಿರಕ್ಕೂ ಮಿಕ್ಕಿದವರು ಹೆಸರು ಕೊಟ್ಟು ಯಂತ್ರವೇ ನಿಂತುಹೋಯಿತು. ಅದೇ ವರ್ಷದ ಜೂನಿನಲ್ಲಿ ಹತ್ತು ಡಾಲರಿನ ಸ್ಥಳಗಳನ್ನು ೪೬ಕ್ಕೆ ಹೆಚ್ಚಿಸಿದರು. ಅದರ ಜೊತೆಗೇ ಅತ್ಯುತ್ತಮ ಸ್ಥಳಗಳ ಬೆಲೆಯನ್ನು ೮೪೯ ಡಾಲರಿಗೆ ಏರಿಸಿದರು. ಒಂದೇ ಸಂಜೆ, ಒಂದೇ ನಾಟಕ. ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಎಂಟುನೂರ ನಲವತ್ತೊಂಬತ್ತು.

ಹಣ ಸಾಲಿನೊಳಕ್ಕೂ ನುಸುಳದೆ ಬಿಡಲಿಲ್ಲ. ಕೂಲಿಗಾಗಿ ಇನ್ನೊಬ್ಬರ ಪರವಾಗಿ ಸಾಲು ನಿಲ್ಲುವುದು ನ್ಯೂಯಾರ್ಕಿನಲ್ಲಿ ಒಂದು ಕಸುಬಾಯಿತು. ಬಿಟ್ಟಿಯಾದ ಡೆಲಕೋರ್ಟಿನ ಟಿಕೆಟ್ಟಿಗೂ ಇಂಥವರು ೧೨೫ ಡಾಲರುಗಳವರೆಗೆ ಕೇಳುತ್ತಿದ್ದರು. ೨೦೧೦ರಲ್ಲಿ ಆ ರಾಜ್ಯದ ಅಟಾರ್ನಿ ಜನರಲ್ ಅದನ್ನು ತಡೆಯಲು ಕೈಹಾಕಬೇಕಾಯಿತು. ಮೈಕೆಲ್ ಸ್ಯಾಂಡೆಲ್ ಎಂಬ ತತ್ತ್ವಜ್ಞನು ೨೦೧೨ರಲ್ಲಿ ತಾನು ಬರೆದ ಗ್ರಂಥದಲ್ಲಿ ಈ ಪ್ರಸಂಗವನ್ನೇ ಎತ್ತಿಕೊಂಡು, ಹಣ ಹೋಗಬಾರದ ಕಡೆಗಳು ಯಾವುವು ಎಂದು ವಿಚಾರಮಾಡಿದ್ದಾನೆ. ಕೂಲಿಗೆ ನಿಂತವನಿಗೆ ಅನ್ನವಾಯಿತು, ಕೊಂಡವನಿಗೆ ನಾಟಕವಾಯಿತು, ಯಾರಿಗೆ ನಷ್ಟ ಎಂದು ವಾದಿಸುವವರುಂಟು. ನಷ್ಟ ಸಾಲಿನಲ್ಲಿ ಹಿಂದೆ ನಿಂತ ಮೂರನೆಯವನಿಗೆ. ಹದಿನೆಂಟನೆಯ ಶತಮಾನದ ಆಳು ಮತ್ತೆ ಒಡೆಯನ ಜಾಗದಲ್ಲಿ ಕುಳಿತಿದ್ದಾನೆ. ಬೆಂಚಿಗೆ ಬದಲಾಗಿ ಬೀದಿಯಲ್ಲಿ, ಅಷ್ಟೆ.

ನಮ್ಮ ನಾಡಿನ ಮಾತು ಎರಡು. ಇಲ್ಲಿನ ವೃತ್ತಿ ನಾಟಕ ಕಂಪೆನಿಗಳ ಡೇರೆಗಳಲ್ಲಿ ಕುರ್ಚಿ, ಬೆಂಚು, ನೆಲ ಎಂಬ ತರಗತಿಗಳಿದ್ದುವು; ನೆಲದವನ ಚಪ್ಪಾಳೆಯೇ ಕಂಪೆನಿಯ ಜೀವ ಎಂಬುದು ಮಾಲೀಕರಿಗೆ ತಿಳಿದಿತ್ತು. ೨೦೧೦ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿಸಿದಾಗ ದೂರದೂರದ ಊರುಗಳಿಂದ ಜನ ಬಂದರು. ರಾತ್ರಿಯೆಲ್ಲ ಕುಳಿತು ನೋಡುವ ಬಯಲಾಟದ ಹಳೆಯ ಪ್ರೇಕ್ಷಕ ಇನ್ನೂ ಬದುಕಿದ್ದಾನೆಂದು ಆಗ ಗೊತ್ತಾಯಿತು.

ಬಲ, ಹಣ, ತಾಳ್ಮೆ, ಅದೃಷ್ಟ ಇವುಗಳಲ್ಲಿ ಪೂರ್ಣವಾಗಿ ನ್ಯಾಯವಾದುದು ಯಾವುದೂ ಇಲ್ಲ. ಸಾಲಿನಲ್ಲ್ಲಿಯೂ ಕೊರತೆಯುಂಟು: ಬಿಡುವಿದ್ದವನು ಮುಂದೆ ನಿಲ್ಲುತ್ತಾನೆ, ದುಡಿಮೆಯಿಂದ ತಡವಾಗಿ ಬಂದವನು ಹಿಂದೆ. ಆದರೆ ಸಾಲಿಗೆ ಮಾತ್ರ ಇರುವ ಒಂದು ಗುಣವಿದೆ. ಅಲ್ಲಿ ನಿಂತವನು ತನ್ನ ಮುಂದಿನವನ ಬೆನ್ನನ್ನು ಕಾಣುತ್ತಾನೆ. ತನ್ನಂತೆಯೇ ಆಸೆಪಟ್ಟು ಬಂದ ಒಬ್ಬನು ಅಲ್ಲಿದ್ದಾನೆಂದು ಅರಿಯುತ್ತಾನೆ. ಹೇಮಾರ್ಕೆಟ್ಟಿನ ಮೆಟ್ಟಿಲುಗಳ ಮೇಲೆ ಸತ್ತ ಹದಿನೈದು ಮಂದಿ ಹಿಂದಿನವರ ಕಣ್ಣಿಗೆ ಬೀಳಲೇ ಇಲ್ಲ.

ಸಾಲನ್ನು ಕಾಯುವವರು ಪೋಲೀಸರಲ್ಲ. ಪೋಲೀಸನಿದ್ದರೆ ಅದು ಬೇಲಿ. ಇಲ್ಲದಾಗಲೂ ನಿಂತರೆ ಅದು ಸಾಲು. ಆ ಸಂಜೆ ವೃದ್ಧರು ಮಾತನಾಡಿದಾಗ ಅವರ ಹಿಂದೆ ನಿಂತಿದ್ದವನು ನಾನು. ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತನಾಡುವ ನನ್ನ ಬಾಯಿಂದ ಆಗ ಒಂದು ಮಾತೂ ಹೊರಡಲಿಲ್ಲ. ದೊಡ್ಡಮನುಷ್ಯರು, ನಮಗೇಕೆ ಎಂದು ಸುಮ್ಮನಿದ್ದೆ. ಹೌದು, ಅವರ ಸರದಿ ಎಂದು ನಾವು ಮೂವರೂ ದನಿಗೂಡಿಸಿದ್ದರೆ ಟಿಕೆಟ್ಟು ಅವರಿಗೆ ದೊರೆಯುತ್ತಿತ್ತೋ ಏನೋ. ಮರಳುವ ದಾರಿಯಲ್ಲಿ ನನ್ನ ವಿದ್ಯಾರ್ಥಿಗಳಲ್ಲೊಬ್ಬನು, “ಸಾರ್, ಆ ತಾತನವರ ಪರವಾಗಿ ನಾವು ಯಾಕೆ ಏನೂ ಹೇಳಲಿಲ್ಲ?” ಎಂದು ಕೇಳಿದನು. ಅವನಿಗೆ ಅಂದು ಕೊಡಲಾರದ ಉತ್ತರವನ್ನು ಇಂದು ಇಷ್ಟು ದೂರ ಸುತ್ತಿ ತಮ್ಮ ಮುಂದೆ ಇಟ್ಟಿದ್ದೇನೆ.